ಎದೆ ಮೇಲೆ ಒತ್ತಬೇಡಿ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಬೆಂದ ಗೂಡಿನ ವಾಸನೆ ಮೈಗೆ ಅಂಟಿಕೊಂಡೇ ಇರುತ್ತದೆ. ಅವತ್ತು ಬೆಳಗ್ಗೆ ಐದಕ್ಕೇ ಎದ್ದು ತಲೆಗೆ ನೀರು ಹಾಕಿಕೊಂಡರೂ ಹೋಗಲಿಲ್ಲ. ಮಗಳಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಬೆಂಗಳೂರಿಗೆ ಹೊರಟಿದ್ದೆವು.

ಅವಳಿಗೆ ಎಂಟು ವರ್ಷ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಮೂಳೆ ಸುಲಭವಾಗಿ ಮುರಿಯುವ ಕಾಯಿಲೆ. ಕಣ್ಣಿನ ಬಿಳಿ ಭಾಗ ತಿಳಿ ನೀಲಿ. ತೊಡೆ ಎರಡು ಸಲ, ಬಲತೋಳು ಮೂರು ಸಲ, ಒಮ್ಮೆ ಜೋರಾಗಿ ಸೀನಿದ್ದಕ್ಕೇ ಪಕ್ಕೆಲುಬು ಮುರಿದಿದೆ. ಮೂಳೆ ಗಟ್ಟಿಯಾಗಲಿ ಅಂತ ಆರು ತಿಂಗಳಿಗೊಮ್ಮೆ ಜೋಲೆಡ್ರೋನಿಕ್ ಆಸಿಡ್ ಅನ್ನೋ ಔಷಧಿಯ ಡ್ರಿಪ್ ಹಾಕಿಸುತ್ತೇವೆ. ಮೂಳೆ ಕಾಯಿಲೆಗೆ ಹೃದಯ ಯಾಕೆ ನೋಡಬೇಕು? ಸುಮ್ನೆ ಟೆಸ್ಟ್ ಬರೆದಿದ್ದಾರೆ ಅಂತಲೇ ಗೊಣಗಿಕೊಂಡಿದ್ದೆ.

ಡಾಕ್ಟರ್ ಬಿಡಿಸಿ ಹೇಳಿದರು. ತಪ್ಪಿರುವುದು ಕೊಲ್ಯಾಜೆನ್ ಅನ್ನೋ ದಾರದಲ್ಲಂತೆ. ಮೂಳೆಗೆ ಬಿಗಿ ಕೊಡುವ ಅದೇ ದಾರ ಹೃದಯದ ಕವಾಟದಲ್ಲೂ ಇದೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆಯಲ್ಲೂ ಇದೆ. ಕವಾಟ ಸಡಿಲವಾದರೆ ರಕ್ತ ಹಿಂದಕ್ಕೆ ಸೋರುತ್ತದೆ. ನಾಳದ ಬುಡ ಹಿಗ್ಗಲೂಬಹುದು. ಮಕ್ಕಳಲ್ಲಿ ಈ ತೊಂದರೆ ಇದ್ದರೂ ಸಾಮಾನ್ಯವಾಗಿ ಚಿಕ್ಕದೇ. ಆದರೆ ಈಗಲೇ ಒಂದು ಅಳತೆ ತೆಗೆದಿಟ್ಟರೆ ಮುಂದೆ ಹೋಲಿಸಿ ನೋಡಬಹುದು.

ದಾರ ಅಂದ ಕೂಡಲೇ ನನಗೆ ಅರ್ಥವಾಯಿತು. ಹುಳು ಸರಿಯಾಗಿ ಸೊಪ್ಪು ತಿನ್ನದ ಗೂಡು ತಂದರೆ ನೂಲು ತುಂಡು ತುಂಡಾಗಿ ಬರುತ್ತದೆ. ಆ ನೂಲು ಅಂಚಿಗೆ ಹೋದರೂ ಅಷ್ಟೇ, ಸೆರಗಿಗೆ ಹೋದರೂ ಅಷ್ಟೇ ಅಲ್ವಾ?

ಎಕೋಗೆ ಮೊದಲು ಬಿಪಿ. ಸಿಸ್ಟರ್ ಮಗಳ ಬಲತೋಳಿಗೆ ಮಷೀನಿನ ಪಟ್ಟಿ ಸುತ್ತಿಬಿಟ್ಟರು. ಅದು ಉಬ್ಬಿಕೊಂಡು ಹಿಂಡಿದರೆ ಗತಿ ಏನು? ನಾನು ಕೈ ಅಡ್ಡ ಹಾಕಿದೆ. 'ಎಲ್ಲ ನಿಮಗೇ ಗೊತ್ತಿದ್ರೆ ಇಲ್ಲಿಗ್ಯಾಕೆ ಬಂದ್ರಿ' ಅಂತ ಗದರಿದರು. ನಾನೂ ಎರಡು ಮಾತು ಜಾಸ್ತಿಯೇ ಆಡಿದೆ, ಈಗಲೂ ಬೇಜಾರಿಲ್ಲ. ಕೊನೆಗೆ ಇನ್ನೊಬ್ಬ ಹಿರಿಯ ಸಿಸ್ಟರ್ ಬಂದು, ಯಾವತ್ತೂ ಮುರಿಯದ ಎಡತೋಳಿಗೆ ಪಟ್ಟಿ ಕಟ್ಟಿ, ಕೈಯಿಂದಲೇ ನಿಧಾನವಾಗಿ ಗಾಳಿ ತುಂಬಿ ನೋಡಿದರು.

ಒಳಗೆ ಟೆಕ್ನಿಷಿಯನ್ ಅವಳನ್ನು ಎಡಕ್ಕೆ ಹೊರಳಿಸಲು ಕೈ ಚಾಚಿದರು. 'ನಾನೇ ಮಾಡ್ತೀನಿ' ಅಂದೆ. ಒಂದು ಅಂಗೈ ಸೊಂಟದ ಕೆಳಗೆ, ಇನ್ನೊಂದು ಬೆನ್ನಿಗೆ. ಇವಳ ಕೈಕಾಲು ಹಿಡಿದು ಎಳೆಯುವ ಹಾಗೇ ಇಲ್ಲ. ತಣ್ಣನೆ ಜೆಲ್ ಬಿದ್ದಾಗ ನಕ್ಕಳು. ಆಮೇಲೆ ಗಂಭೀರವಾಗಿ, 'ಅಂಕಲ್, ಎದೆ ಮೇಲೆ ಒತ್ತಬೇಡಿ. ಪಕ್ಕೆ ಮುರಿದ್ರೆ ಸ್ಕೂಲ್ ಡೇಗೆ ಹೋಗಕ್ಕಾಗಲ್ಲ' ಅಂದಳು. ಅವರು ಕೈ ಹಿಂದಕ್ಕೆ ತೆಗೆದರು. ಇನ್ನಷ್ಟು ಜೆಲ್ ಹಾಕಿ, ಹೂವು ಮುಟ್ಟಿದ ಹಾಗೆ ಮುಟ್ಟಿ ನೋಡಿದರು. ಮುಕ್ಕಾಲು ಗಂಟೆ ಹಿಡಿಯಿತು. ಇದು ಎಕ್ಸ್‌ರೇ ಅಲ್ಲ, ಬರೀ ಶಬ್ದದ ಅಲೆ ಅಂತ ತಿಳಿದು ನನಗೂ ಸಮಾಧಾನ. ಎಕ್ಸ್‌ರೇ ಫಿಲ್ಮುಗಳೇ ಮನೆಯಲ್ಲಿ ಒಂದು ಚೀಲ ತುಂಬಾ ಇವೆ.

ಪರದೆಯಲ್ಲಿ ಎರಡು ತೆಳ್ಳನೆ ರೆಪ್ಪೆ ತೆರೆದು ಮುಚ್ಚುತ್ತಿದ್ದವು. 'ಇದೂ ಮುರಿಯುತ್ತಾ?' ಅಂತ ಕೇಳಿದಳು.

'ಇದು ಮೂಳೆ ಅಲ್ಲ ಪುಟ್ಟಿ, ಬಾಗಿಲು.'

ಮೈಟ್ರಲ್ ಅನ್ನೋ, ಹೃದಯದ ಎಡಭಾಗದ ಕವಾಟದಲ್ಲಿ ಚೂರು ಸೋರಿಕೆ ಇದೆ, ಸದ್ಯಕ್ಕೆ ಔಷಧಿ ಬೇಡ ಅಂದರು ಡಾಕ್ಟರ್. ನಾಳದ ಬುಡವನ್ನು ವಯಸ್ಸಿಗಲ್ಲ, ಅವಳ ಎತ್ತರ, ತೂಕಕ್ಕೆ ಹೋಲಿಸಿ ನೋಡಿದರು. ಇವಳು ಐದು ವರ್ಷದವರಷ್ಟೇ ಇದ್ದಾಳೆ, ಹಾಗಾಗಿ ಆ ಲೆಕ್ಕವೇ ಸರಿ. ನಾಳದ ಬುಡ ಸರಿಯಾಗಿದೆ. ಬೆನ್ನು ಸೊಟ್ಟಗಾಗುತ್ತಾ ಹೋದರೆ ಶ್ವಾಸಕೋಶಕ್ಕೂ ಹೃದಯಕ್ಕೂ ಭಾರ, ಅದನ್ನೂ ಗಮನಿಸಿ ಅಂದರು. ಎರಡು ವರ್ಷ ಬಿಟ್ಟು ಮತ್ತೆ ಎಕೋ.

ವಾಪಸ್ ಬರುವಾಗ ದೇವನಹಳ್ಳಿ, ಅದರ ಹತ್ತಿರದ ವಿಜಯಪುರ ದಾಟುವವರೆಗೂ ನನ್ನ ತೊಡೆ ಮೇಲೆ ದಿಂಬು, ದಿಂಬಿನ ಮೇಲೆ ಅವಳು. ರಸ್ತೆಯ ಪ್ರತಿ ಹಂಪ್‌ಗೂ ನನ್ನ ಉಸಿರು ಹಿಡಿದುಕೊಳ್ಳುತ್ತಿತ್ತು.

ಮನೆಗೆ ಬಂದವಳೇ ಅಜ್ಜಿಗೆ ವರದಿ ಒಪ್ಪಿಸಿದಳು. 'ಅಜ್ಜಿ, ನನ್ನ ಹಾರ್ಟಲ್ಲಿ ಬಾಗಿಲಿದೆ. ಸರಿಯಾಗಿ ಮುಚ್ಚಲ್ಲ.'

ಅತ್ತೆ ಗೂಡು ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. 'ನಮ್ಮ ಬಚ್ಚಲಿಂದೂ ಮುಚ್ಚಲ್ಲ. ನಲವತ್ತು ವರ್ಷ ಆಯ್ತು.'