ಗ್ರಹಣ ನೋಡಲು ಹೊರಟ ಅಜ್ಜ

ಅಜ್ಜ ಎರಡು ದಿನ ಮನೆಯಲ್ಲಿಲ್ಲ ಅಂದರೆ ನಮ್ಮಲ್ಲಿ ಯಾರೂ ಹುಡುಕಲು ಹೋಗುತ್ತಿರಲಿಲ್ಲ. ಜಗಲಿಯ ಗೂಟದಲ್ಲಿ ಅವನ ಹೆಗಲಚೀಲ ಕಾಣದಿದ್ದರೆ ಅಜ್ಜಿ ಅನ್ನಕ್ಕೆ ಒಂದು ಹಿಡಿ ಅಕ್ಕಿ ಕಡಿಮೆ ಹಾಕುತ್ತಿದ್ದಳು, ಅಷ್ಟೇ.

ಶಿರಸಿ ಸೀಮೆಯ ಅಡಿಕೆ ತೋಟದವರಿಗೆ ಪುರುಸೊತ್ತು ಸಿಗುವುದೇ ಅಪರೂಪ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು, ಅಡಿಕೆ ಗೊನೆ ಇಳಿಸಿದ ಮೇಲೆ ಸುಲಿದು ಬೇಯಿಸಿ ಒಣಗಿಸಬೇಕು, ಬೇಸಿಗೆಯಲ್ಲಿ ಬೆಟ್ಟದಿಂದ ಸೊಪ್ಪು, ದರಕು ಅಂದರೆ ಒಣಗಿದೆಲೆ ಹೊರಿಸಬೇಕು. ಅಜ್ಜ ಇದನ್ನೆಲ್ಲ ಮಾಡಿದವನೇ, ಚೆನ್ನಾಗಿಯೇ ಮಾಡಿದವನು. ನಡುವೆ ಸಿಕ್ಕ ಸಂದಿಯಲ್ಲಿ ಹೊರಟುಬಿಡುತ್ತಿದ್ದ. ಊರವರು ಅದಕ್ಕೆ ತಿರುಗುವ ಮಳ್ಳು ಅಂದರು. ನನಗೇನೋ ಊರಿನಲ್ಲೇ ಅಷ್ಟು ಲೆಕ್ಕಾಚಾರದ ಮನುಷ್ಯ ಇನ್ನೊಬ್ಬನಿರಲಿಲ್ಲ ಅನಿಸುತ್ತದೆ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾರ ಮನೆಯಲ್ಲಿ ರಾತ್ರಿ ಉಳಿಯುವುದು, ಕೈಕೊಟ್ಟರೆ ವಾಪಸಾಗುವ ದಾರಿ ಯಾವುದು, ಎಲ್ಲ ಮೊದಲೇ ತಲೆಯಲ್ಲಿರುತ್ತಿತ್ತು.

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಅವನಿಗೆ ಹದಿನೈದು. ಮನೆಯಲ್ಲಿ ಹೇಳದೆ ಘಟ್ಟ ಇಳಿದು ಹೋಗಿ, ಅಂಗಿಯ ಜೇಬಿನಲ್ಲಿ ಉಪ್ಪು ತುಂಬಿಕೊಂಡು ಬಂದಿದ್ದ. ಬರುವಷ್ಟರಲ್ಲಿ ಬೆವರಿಗೆ ಅರ್ಧ ಕರಗಿಹೋಗಿತ್ತಂತೆ. ಉಳಿದದ್ದನ್ನು ಅವರಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಹಾಕಿದಳು. ಅಘನಾಶಿನಿ 116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿಯ ಬುಡಕ್ಕೆ, ಬಳ್ಳಿ ಬೇರು ಹಿಡಿದು ಇಳಿದವರಲ್ಲಿ ಅವನೂ ಒಬ್ಬ. ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ನಮ್ಮ ಕಡೆ ಅದಕ್ಕೆ ಕೆಪ್ಪ ಜೋಗ ಅಂತಲೇ ಹೆಸರು. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಕಂಡುಹಿಡಿದ ಎಂದು ನಾನು ಶಾಲೆಯಿಂದ ಬಂದು ಹೇಳಿದಾಗ ಅಜ್ಜ ಎಲೆಯಡಿಕೆಯ ಕವಳ ಉಗಿದು ನಕ್ಕಿದ್ದ. "ನಮ್ಮೋರು ಅದರ ಸದ್ದು ಕೇಳ್ತಾನೇ ಹುಟ್ಟಿ ಸತ್ತಿದ್ದ. ಅಂವ ಕಂಡ್ಹಿಡದ್ನಡ!"

1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದ ಮೇಲೆ, ಪೋರ್ತುಗೀಸರು ಬಿಟ್ಟುಹೋದ ಊರು ಹೇಗಿದೆ ನೋಡಬೇಕೆಂದು ಸೈಕಲ್ ಏರಿದ್ದೂ ಉಂಟು. ಕಾಳಿ ನದಿಗೆ ಆಗ ಸೇತುವೆ ಇರಲಿಲ್ಲ. ಸೈಕಲ್ಲನ್ನು ದೋಣಿಗೆ ಹಾಕಿ ಸದಾಶಿವಗಡದ ದಡ ಹತ್ತಿ, ಮಾಜಾಳಿ ದಾಟಿದ. ಆ ಪ್ರವಾಸದ ಕತೆ ಪ್ರತಿ ಸಲವೂ ಬೇರೆ ಬೇರೆ ಇರುತ್ತಿದ್ದುದರಿಂದ ಇಲ್ಲಿ ಬರೆಯುವುದಿಲ್ಲ.

ನಾನೇ ಜೊತೆಗಿದ್ದದ್ದು 1980ರಲ್ಲಿ. ಶಿವರಾತ್ರಿ ಕಳೆದು ಬರುವ ಅಮಾವಾಸ್ಯೆ, ಫೆಬ್ರುವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣ. ನಮ್ಮ ಜಿಲ್ಲೆಯ ಕರಾವಳಿಯಲ್ಲೇ ನೆರಳು ಭೂಮಿಗೆ ಹತ್ತುತ್ತದೆಂದು ಅಜ್ಜ ಪೇಪರಿನಲ್ಲಿ ಓದಿದ್ದ. ಉಳಿದವರೆಲ್ಲ ಹಾಲು, ಉಪ್ಪಿನಕಾಯಿ ಭರಣಿಗಳಿಗೆ ದರ್ಭೆ ಹಾಕುವುದು, ಕಿಟಕಿಗೆ ಕಂಬಳಿ ಕಟ್ಟುವುದು ಇದರಲ್ಲಿದ್ದರು. ಅಜ್ಜ ಮಾತ್ರ ಸಮುದ್ರಕ್ಕೇ ಹೋಗಬೇಕು ಅಂದ. ಮನೆಯ ಅಂಗಳದಲ್ಲಿ ಕತ್ತಲಾಗುವುದು ಕಂಡೀತು, ಕತ್ತಲು ಬರುವುದು ಕಾಣಬೇಕಾದರೆ ಪಶ್ಚಿಮಕ್ಕೆ ಬಯಲು ಬೇಕು ಎಂಬುದು ಅವನ ವಾದ.

ನನ್ನನ್ನೂ ಕರೆದೊಯ್ಯುತ್ತೇನೆ ಅಂದಾಗ ಅಜ್ಜಿ ಒಲೆಯ ಮುಂದಿನಿಂದ ಎದ್ದೇ ಬಂದಳು. "ಗ್ರಹಣದ ದಿನ ಕೂಸನ್ನ ಹೊರಗೆ ಕರ್ಕಂಡು ಹೋಗ್ತ್ರ? ನಿಂಗಕ್ಕೆ ಎಂತ ಮಳ್ಳು?"

"ಗ್ರಹಣ ಕಾಲದಲ್ಲಿ ಸಮುದ್ರ ಸ್ನಾನಕ್ಕಿಂತ ದೊಡ್ಡ ಪುಣ್ಯ ಇದ್ದನೇ? ಅದೂ ಗೋಕರ್ಣದಲ್ಲಿ."

ಅಜ್ಜಿಗೆ ಉತ್ತರ ಹೊಳೆಯಲಿಲ್ಲ. ಶಾಸ್ತ್ರ ಅಜ್ಜನ ಪಕ್ಷದಲ್ಲಿತ್ತು. ಕೊನೆಗೆ ತನ್ನ ಹೆಸರಿನಲ್ಲೂ ಒಂದು ಮುಳುಗು ಹಾಕಿ ಬರಬೇಕೆಂಬ ಕರಾರಿನ ಮೇಲೆ ನನಗೆ ಅಪ್ಪಣೆ ಸಿಕ್ಕಿತು.

ಶಿವರಾತ್ರಿಯ ನೆಪದಲ್ಲಿ ಮೊದಲೇ ಹೊರಟು ದೇವಿಮನೆ ಘಟ್ಟ ಇಳಿದೆವು. ಕುಮಟೆಯಲ್ಲಿ ಬಸ್ಸು ಬದಲಿಸಿ ಗೋಕರ್ಣ. ಪರಿಚಯದ ಭಟ್ಟರ ಮನೆಯಲ್ಲಿ ವಸತಿ. ಗ್ರಹಣದ ದಿನ ಮಧ್ಯಾಹ್ನ ಬೀದಿಗಳು ಬಿಕೋ ಅನ್ನುತ್ತಿದ್ದವು. ಸ್ನಾನಕ್ಕೆ ಬಂದವರು ದಡದಲ್ಲಿ ನೆಲ ನೋಡುತ್ತ ಜಪ ಮಾಡುತ್ತಿದ್ದರು. ನಾವು ಅವರನ್ನು ದಾಟಿ ರಾಮತೀರ್ಥದ ಗುಡ್ಡ ಹತ್ತಿದೆವು. ಅಲ್ಲಿಂದ ಇಡೀ ಸಮುದ್ರ ಕಾಣುತ್ತದೆ.

ಅಜ್ಜ ಚೀಲದಿಂದ ಅಡಿಕೆ ಹಾಳೆಯ ಒಂದು ತುಂಡು ತೆಗೆದ. ಹಿಂದಿನ ರಾತ್ರಿಯೇ ದಬ್ಬಣದಿಂದ ಸಾಲಾಗಿ ತೂತು ಕೊರೆದಿಟ್ಟಿದ್ದ. ಬಂಡೆಯ ಮೇಲೆ ತನ್ನ ಬಿಳಿ ಪಂಜಿ ಹಾಸಿ, ಹಾಳೆಯನ್ನು ಮೇಲೆ ಹಿಡಿದ. ಮೊದಲು ಬಿದ್ದದ್ದು ದುಂಡನೆಯ ಬೆಳಕಿನ ಬೊಟ್ಟುಗಳು. ಎರಡು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಪ್ರತಿ ಬೊಟ್ಟಿನ ಅಂಚೂ ಒಂದೇ ಕಡೆ ಸವೆಯತೊಡಗಿತು. ಆಮೇಲೆ ಅವೆಲ್ಲ ಬಿದಿಗೆಯ ಚಂದ್ರರಾದವು. ಅಜ್ಜ ಹಾಳೆ ಅಲುಗಿಸಿದರೆ ಪಂಜಿಯ ಮೇಲಿನ ಚಂದ್ರರ ಸಾಲೂ ಅಲುಗುತ್ತಿತ್ತು. ನಾನು ಕೈಯೊಡ್ಡಿದೆ, ಅಂಗೈ ಮೇಲೆ ಮೂರು ಬಿದ್ದವು. ಪಕ್ಕದ ಗಿಡದ ನೆರಳಿನಲ್ಲೂ ಎಲೆಸಂದಿಯಿಂದ ಸೋರಿದ ಬೆಳಕೆಲ್ಲ ಕುಡುಗೋಲಿನ ಆಕಾರಕ್ಕೆ ಬಂದಿತ್ತು. ಸೂರ್ಯನ ಕಡೆ ಮಾತ್ರ ಕತ್ತೆತ್ತಲು ಬಿಡಲಿಲ್ಲ. "ಆನು ಹೇಳೋವರೆಗೆ ಮೇಲೆ ನೋಡಡ" ಎಂದು ಗದರಿಸಿದ್ದ, ಅದೂ ಪೇಪರಿನಲ್ಲಿ ಓದಿದ್ದೇ.

ಮೂರೂವರೆಯ ಹೊತ್ತಿಗೆ ಬಿಸಿಲಿನ ಬಣ್ಣವೇ ಕೆಟ್ಟಿತು. ಸಂಜೆಯ ಹಾಗೆ ಕೆಂಪಾಗಲಿಲ್ಲ, ಸೀಸದ ಹಾಗೆ ಮಂಕಾಯಿತು. ಗಾಳಿ ತಣ್ಣಗಾಯಿತು, ಕಾಗೆಗಳು ಊರ ಕಡೆ ಹಾರಿದವು. ಅಜ್ಜ ನನ್ನ ಭುಜ ಹಿಡಿದು ಸಮುದ್ರದ ಕಡೆ ತಿರುಗಿಸಿದ. ದೂರದಲ್ಲಿ ನೀರು ಕಪ್ಪಾಗಿತ್ತು. ಮಳೆಗಾಲದಲ್ಲಿ ಮಳೆ ಬರುವುದು ಹಾಗೆ ಕಾಣುತ್ತದೆ, ಆದರೆ ಇದು ಸದ್ದೇ ಇಲ್ಲದೆ, ಕಣ್ಣು ಮಿಟುಕಿಸುವುದರೊಳಗೆ ನಮ್ಮ ಮೇಲಿತ್ತು.

"ಈಗ ನೋಡು ಕೂಸೆ. ಹೆದ್ರಡ."

ಸೂರ್ಯ ಇರಬೇಕಾದ ಜಾಗದಲ್ಲಿ ಕಪ್ಪು ಬಿಲ್ಲೆ, ಸುತ್ತಲೂ ಬೆಳ್ಳಗೆ ಎಸಳು. ಆ ವರ್ಷ ಸೂರ್ಯನ ಚಟುವಟಿಕೆ ಜೋರಾಗಿತ್ತು, ಅದಕ್ಕೇ ಪ್ರಭೆ ಎಲ್ಲ ದಿಕ್ಕಿಗೂ ಚಾಚಿತ್ತು ಎಂದು ಬಹಳ ವರ್ಷದ ಮೇಲೆ ತಿಳಿಯಿತು. ಮೇಲೆ ನೆತ್ತಿಯ ಕಡೆ ಶುಕ್ರ ಹೊಳೆಯುತ್ತಿದ್ದ. ಕೆಳಗೆ ದಡದಿಂದ ಒಮ್ಮೆಗೇ ಮಂತ್ರದ ದನಿ ಏರಿತು, ಯಾರದೋ ಮಗು ಕಿರುಚಿತು. ಅಜ್ಜ ಬಾಯಲ್ಲಿದ್ದ ಕವಳ ಜಗಿಯುವುದನ್ನೇ ನಿಲ್ಲಿಸಿದ್ದ. ಮೂರು ನಿಮಿಷವೂ ಆಗಿರಲಿಲ್ಲ, ಅಂಚಿನಲ್ಲಿ ಒಂದು ಕಿಡಿ ಹೊತ್ತಿಕೊಂಡಿತು. ಅಜ್ಜ ತಕ್ಷಣ ತನ್ನ ಅಂಗೈಯಿಂದ ನನ್ನ ಕಣ್ಣು ಮುಚ್ಚಿದ. ಸುಣ್ಣ, ಹೊಗೆಸೊಪ್ಪಿನ ವಾಸನೆ. ಮೋಕ್ಷವಾದ ಮೇಲೆ ಸಮುದ್ರಕ್ಕಿಳಿದು ಅಜ್ಜಿಯ ಮುಳುಗನ್ನೂ ಸೇರಿಸಿ ಹಾಕಿದೆವು.

1995ರ ಅಕ್ಟೋಬರಿನಲ್ಲಿ ಉತ್ತರ ಭಾರತದಲ್ಲಿ ಖಗ್ರಾಸ ಗ್ರಹಣವಾದಾಗ ಎಂಬತ್ತರ ಅಜ್ಜ ರಾಜಸ್ಥಾನಕ್ಕೆ ಹೊರಟೇಬಿಟ್ಟಿದ್ದ. ಅಪ್ಪ, ಚಿಕ್ಕಪ್ಪ ಸೇರಿ ತಡೆದರು. ನಮ್ಮೂರಲ್ಲಿ ಪಾರ್ಶ್ವ ಗ್ರಹಣ. ಅಂಗಳಕ್ಕೆ ಬಂದು ಒಮ್ಮೆ ನೋಡಿ, "ಇದೆಂತ ನೋಡದು" ಎಂದು ಒಳಗೆ ಹೋಗಿ ಮಲಗಿದ. ತಡೆಯಬಾರದಿತ್ತು ಎಂದೇ ನನಗೆ ಈಗಲೂ ಅನಿಸುತ್ತದೆ.

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ಅಜ್ಜನನ್ನು ಕರೆದುಕೊಂಡು ಕುಮಟೆಯಲ್ಲಿ ಹತ್ತಿದೆ. ಕಾರವಾರಕ್ಕೆ ಟಿಕೆಟ್ಟು. ಕಾರವಾರದ ಹತ್ತಿರದ ದೊಡ್ಡ ಸುರಂಗ ಹೊಕ್ಕಾಗ ಬೋಗಿಯ ದೀಪದಲ್ಲಿ ಕೈಗಡಿಯಾರ ಹಿಡಿದು ಕೂತವನು, ಬೆಳಕು ಬಂದ ಮೇಲೆ "ಗೋಕರ್ಣದಷ್ಟೇ ಹೊತ್ತು" ಅಂದ. ಕಾರವಾರ ಬಂತು. ಅಜ್ಜ ಏಳಲಿಲ್ಲ.

"ಗೋವಾಕ್ಕೆ ಇನ್ನೆಷ್ಟು ಹೊತ್ತು?"

ಮಡಗಾಂವಿನಲ್ಲಿ ದಂಡ ಕಟ್ಟಿದೆವು. ಅಜ್ಜಿಗೆ ರಸೀದಿ ತೋರಿಸಬೇಡ ಎಂದು ದಾರಿಯುದ್ದಕ್ಕೂ ನನಗೆ ಹೇಳಿಕೊಂಡು ಬಂದವನು, ಮನೆಯ ಮೆಟ್ಟಿಲು ಹತ್ತುತ್ತಲೇ ಜೇಬಿನಿಂದ ತಾನೇ ತೆಗೆದು ತೋರಿಸಿದ.