ಬೋವಜನ ಹೊಲದಲ್ಲಿ ಉಳಿಸಿದ ತೆನೆಗಳು

ಬೈಬಲಿನ ರೂತಳ ಗ್ರಂಥದಲ್ಲಿರುವುದು 4 ಅಧ್ಯಾಯಗಳು ಮಾತ್ರ. ಅದರ ಮೇಲೆ ನಾನು ಕೇಳಿರುವ ಪ್ರಸಂಗಗಳು ಹೆಚ್ಚಾಗಿ ಮೊದಲನೆಯ ಅಧ್ಯಾಯದಲ್ಲಿ, ಅತ್ತೆ ನೊವೊಮಿಯನ್ನು ಬಿಟ್ಟುಹೋಗಲಾರೆನೆಂದು ಸೊಸೆ ರೂತಳು ಹೇಳುವ ಮಾತಿನಲ್ಲಿಯೇ ನಿಂತುಬಿಡುತ್ತವೆ. ಆದರೆ ಕೆಲವು ವರ್ಷಗಳಿಂದ ನಾನು ಮತ್ತೆ ಮತ್ತೆ ತೆರೆಯುತ್ತಿರುವುದು ಎರಡನೆಯ ಅಧ್ಯಾಯದ 15 ಮತ್ತು 16ನೆಯ ವಚನಗಳನ್ನು.

ಜವೆಗೋದಿಯ ಸುಗ್ಗಿ ಆರಂಭವಾದಾಗ ರೂತಳು ಬೇತ್ಲೆಹೇಮಿನ ಹೊಲಗಳಲ್ಲಿ, ಕೊಯ್ಯುವವರ ಹಿಂದೆ ಬಿದ್ದ ತೆನೆಗಳನ್ನು ಹಕ್ಕಲಾಯಲು ಹೊರಟಳು. ರಾಗಿ, ಕಡಲೆಕಾಯಿ ಬೆಳೆಯುವ ನಮ್ಮ ಸೀಮೆಯವರಿಗೆ ಹಕ್ಕಲೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಸ್ರಾಯೇಲಿನಲ್ಲಿ ಅದು ಒಡೆಯನ ದಯೆಗೆ ಬಿಟ್ಟ ವಿಷಯವಾಗಿರಲಿಲ್ಲ: ಹೊಲದ ಅಂಚಿನ ಪೈರನ್ನು ಕೊಯ್ಯಬಾರದು, ಹಕ್ಕಲನ್ನು ಆರಿಸಿಕೊಳ್ಳಬಾರದು, ಅವುಗಳನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂದು ಮೋಶೆಯ ಧರ್ಮಶಾಸ್ತ್ರದ ಯಾಜಕಕಾಂಡದ 19ನೆಯ ಅಧ್ಯಾಯ ಆಜ್ಞಾಪಿಸುತ್ತದೆ. ರೂತಳು ವಿಧವೆ, ಅದಕ್ಕೂ ಮಿಗಿಲಾಗಿ, ಯೆಹೋವನ ಸಭೆಯೊಳಗೆ ಸೇರಕೂಡದೆಂದು ಧರ್ಮೋಪದೇಶಕಾಂಡವು ಹೇಳುವ, ನೆರೆನಾಡಿನ ಮೋವಾಬ್ಯರ ಕುಲದವಳು.

ಅವಳು ಹಕ್ಕಲಾಯುತ್ತಿದ್ದ ಹೊಲದ ಒಡೆಯನಾದ ಬೋವಜನು ಆಜ್ಞೆಯನ್ನು ಪಾಲಿಸಿ ಸುಮ್ಮನಾಗಬಹುದಾಗಿತ್ತು. ಅವನು ಅವಳನ್ನು ಕೊಯ್ಯುವವರ ಜೊತೆಯಲ್ಲಿ ಊಟಕ್ಕೆ ಕೂರಿಸಿ, ಹುರಿದ ತೆನೆಯನ್ನು ಕೊಟ್ಟನು. ಅವಳು ಎದ್ದು ಹೋದ ಮೇಲೆ ತನ್ನ ಆಳುಗಳಿಗೆ, ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಬಿಡಿರಿ, ಅವಳನ್ನು ಗದರಿಸಬೇಡಿರಿ ಎಂದು ಅಪ್ಪಣೆ ಮಾಡಿದನು. ಈ ಮಾತನ್ನು ಅವನು ಅವಳಿಗೆ ತಿಳಿಸಿದನೆಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಸಂಜೆಯವರೆಗೆ ಬೆನ್ನು ಬಗ್ಗಿಸಿ ಆಯ್ದು, ಬಡಿದಾಗ ದೊರೆತ ಸುಮಾರು ಒಂದು ಏಫಾ (ಧಾನ್ಯದ ಹಳೆಯ ಅಳತೆ) ಜವೆಗೋದಿಯು ಅವಳ ಪಾಲಿಗೆ ಅವಳದೇ ದುಡಿಮೆಯ ಫಲವಾಗಿತ್ತು. ಬೋವಜನ ತಾಯಿ ರಾಹಾಬಳೆಂದು ಮತ್ತಾಯನ ಸುವಾರ್ತೆಯ ವಂಶಾವಳಿ ಹೇಳುತ್ತದೆ; ಅವಳು ಇಸ್ರಾಯೇಲ್ಯಳಲ್ಲದ, ಯೆರಿಕೋ ಪಟ್ಟಣದ ರಾಹಾಬಳೇ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಹೊರಗಿನಿಂದ ಬಂದ ಹೆಣ್ಣಿನ ಸಂಕೋಚವನ್ನು ಅವನು ಮನೆಯಲ್ಲಿಯೇ ಕಂಡಿದ್ದನೇನೋ ಎಂದು ನನಗೆ ಅನಿಸುತ್ತದೆ.

2020ರ ಲಾಕ್‌ಡೌನ್ ದಿನಗಳಲ್ಲಿ ನಾವು ಕೆಲವರು ಸೇರಿ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚಿದೆವು. ಫೋಟೊ ತೆಗೆಯುವ ಕೆಲಸ ನನ್ನದಾಗಿತ್ತು. ಸಾಲಿನಲ್ಲಿದ್ದ ಒಬ್ಬ ತಾಯಿ ಚೀಲಕ್ಕೆ ಕೈ ಚಾಚುವ ಮುನ್ನ ಸೆರಗನ್ನು ಮುಖದವರೆಗೆ ಎಳೆದುಕೊಂಡರು. ‘ಸ್ವಲ್ಪ ಈ ಕಡೆ ನೋಡಮ್ಮಾ’ ಎಂದು ನಾನು ಹೇಳಿದೆ. ಅವರು ನೋಡಿದರು. ಆ ಫೋಟೊವನ್ನು ನಮ್ಮ ಕ್ರೈಸ್ತ ಸಭೆಯ ವಾಟ್ಸಾಪ್ ಗುಂಪಿಗೆ ಕಳುಹಿಸಿದವನೂ ನಾನೇ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಕರ್ತನಾದ ಯೇಸುವಿನ ಮಾತನ್ನು ಬಾಲ್ಯದಿಂದ ಬಾಯಿಪಾಠ ಹೇಳಿಕೊಂಡು ಬಂದ ನನಗೆ ಅಂದು ಅದು ನೆನಪಾಗಲಿಲ್ಲ. ರೂತಳ ಗ್ರಂಥವನ್ನು ಓದುವಾಗಲೆಲ್ಲ ಈಗ ಆ ಮುಖ ಕಣ್ಣೆದುರು ಬಂದು ನಿಲ್ಲುತ್ತದೆ.

ಸಹಾಯ ಮಾಡುವವರು ಲೆಕ್ಕವನ್ನೇ ಇಡಬಾರದೆಂದು ನಾನು ಹೇಳುತ್ತಿಲ್ಲ. ಸಭೆಯ ಹಣಕ್ಕೆ ಲೆಕ್ಕ ಇರಲೇಬೇಕು. ಆದರೆ ಆ ಲೆಕ್ಕಕ್ಕೆ ಪಡೆದವರ ಮುಖ ಬೇಕಾಗಿಲ್ಲ. ಸಭೆಯ ಮಕ್ಕಳಲ್ಲಿ ಒಬ್ಬರ ಶಾಲೆಯ ಶುಲ್ಕ ಕಟ್ಟಬೇಕಾಗಿ ಬಂದಾಗ, ಈಗ ನಾವು ಹಣವನ್ನು ನೇರವಾಗಿ ಶಾಲೆಗೆ ಕಟ್ಟಿ, ರಸೀದಿಯನ್ನು ಖಜಾಂಚಿಯವರ ಕಡತದಲ್ಲಿ ಇಡುತ್ತೇವೆ. ಆರಾಧನೆಯ ಪ್ರಕಟಣೆಗಳಲ್ಲಿ ಹೆಸರು ಓದುವುದಿಲ್ಲ.

ಅಂದು ಊಟದಲ್ಲಿ ತಾನು ತಿಂದು ಉಳಿಸಿದ್ದನ್ನು ರೂತಳು ಮನೆಗೆ ತಂದು ನೊವೊಮಿಗೆ ಕೊಟ್ಟಳೆಂದು 18ನೆಯ ವಚನದಲ್ಲಿದೆ. ಆ ಸಂಜೆ ಬೇತ್ಲೆಹೇಮಿನಲ್ಲಿ ಅವಳೂ ಕೊಡುವವಳಾಗಿದ್ದಳು.