ಆಲಿವ್ ಮರದ ಸಾಕ್ಷಿ

‘ಪರೀಕ್ಷೆ ಕೊಡಬೇಕಾದವನು ಗಂಡ ಅಲ್ವಾ?’ ಸೀತೆಯ ಅಗ್ನಿಪ್ರವೇಶದ ಕಥೆ ಕೇಳಿ ಪಕ್ಕದ ಮನೆಯ ಹುಡುಗಿ ಹುಬ್ಬು ಗಂಟಿಕ್ಕಿದಳು. ಇದು ಅಥೆನ್ಸ್. ಅವಳಿಗೆ ಈ ವರ್ಷ ಶಾಲೆಯಲ್ಲಿ ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ‘ಒಡಿಸ್ಸಿ’ ಪಾಠ. ಗ್ರೀಸ್‌ನಲ್ಲಿ 12-13ರ ಮಕ್ಕಳು ಅದನ್ನು ಇಂದಿನ ಗ್ರೀಕ್ ಅನುವಾದದಲ್ಲಿ ಓದುತ್ತಾರೆ, ಮರುವರ್ಷ ಅವನದೇ ‘ಇಲಿಯಡ್’.

ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಕಾವ್ಯದ ನಾಯಕ, ರಾಜ ಒಡಿಸ್ಯೂಸ್ ಯುದ್ಧಕ್ಕೆಂದು ಮನೆ ಬಿಟ್ಟು 20 ವರ್ಷ. ಅವನ ಹೆಂಡತಿ ಪಿನೆಲೊಪಿಯನ್ನು ಮದುವೆಯಾಗುತ್ತೇವೆಂದು 108 ಗಂಡಸರು ಅರಮನೆಯಲ್ಲೇ ಉಂಡು ಕುಡಿದು ಬಿದ್ದಿದ್ದಾರೆ. ಮುದಿ ಮಾವನ ಶವವಸ್ತ್ರ ನೇಯ್ದು ಮುಗಿಯಲಿ, ಆಮೇಲೆ ಮದುವೆ ಎನ್ನುತ್ತಾಳೆ. ಹಗಲು ನೇಯ್ದದ್ದನ್ನು ರಾತ್ರಿ ಪಂಜಿನ ಬೆಳಕಿನಲ್ಲಿ ಬಿಚ್ಚುತ್ತಾಳೆ.

ಆ ಮಗ್ಗ ನಮ್ಮ ಇಳಕಲ್ಲಿನ ಗುಂಡಿಮಗ್ಗದ ಹಾಗಲ್ಲ. ನೆಟ್ಟಗೆ ನಿಂತದ್ದು. ಹಾಸಿನ ನೂಲು ಮೇಲಿನ ಅಡ್ಡದಂಡದಿಂದ ಇಳಿಬಿದ್ದಿರುತ್ತದೆ, ತುದಿಗೆ ಮಣ್ಣಿನ ಗುಂಡು ಕಟ್ಟಿ ಬಿಗಿ ಮಾಡುತ್ತಾರೆ. ನೇಯುವವಳು ನಿಂತು ಆಚೀಚೆ ನಡೆಯುತ್ತ ಹೊಕ್ಕಿನ ನೂಲನ್ನು ಮೇಲಕ್ಕೆ ಬಡಿಯಬೇಕು. ಹಾಗಾಗಿ ಬಟ್ಟೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ಬಿಚ್ಚುವಾಗ ಕೆಳಗಿನ ಕೊನೆಯ ಎಳೆಯಿಂದ ಒಂದೊಂದಾಗಿ ಎಳೆಯುತ್ತ ಹೋದರಾಯಿತು, ಹಾಸು ಹಾಗೇ ಉಳಿಯುತ್ತದೆ. ಮೂರು ವರ್ಷ ಹೀಗೆ ನಡೆಯಿತು. ನಾಲ್ಕನೆಯ ವರ್ಷ ದಾಸಿಯರಿಂದ ಗುಟ್ಟು ರಟ್ಟಾಯಿತು.

ಗಂಡ ಬಂದು ಅಷ್ಟೂ ಜನರನ್ನು ಕೊಂದ ಮೇಲೂ ಅವಳು ನಂಬುವುದಿಲ್ಲ. 23ನೆಯ ಸರ್ಗದಲ್ಲಿ ಮುದಿ ದಾದಿ ಯೂರಿಕ್ಲಿಯಾಗೆ, ಅವನು ಮಾಡಿದ ಮಂಚ ಕೋಣೆಯಿಂದ ಹೊರಗೆ ತಂದು ಹಾಸಿಗೆ ಹಾಸು ಎನ್ನುತ್ತಾಳೆ. ಒಡಿಸ್ಯೂಸ್ ಸಿಡಿಯುತ್ತಾನೆ: ಅದನ್ನು ಕದಲಿಸಿದವರು ಯಾರು? ಕಂಬದಷ್ಟು ದಪ್ಪದ ಆಲಿವ್ ಮರ, ಅದರ ಸುತ್ತ ಕಲ್ಲಿನ ಕೋಣೆ ಕಟ್ಟಿ, ಕೊಂಬೆ ಕಡಿದು, ಬೇರೂರಿದ ಬೊಡ್ಡೆಯನ್ನೇ ಮಂಚದ ಕಾಲು ಮಾಡಿದ್ದು. ಇದು ಅವರಿಬ್ಬರಿಗೂ ಒಬ್ಬ ದಾಸಿಗೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಆಗ ಅವಳು ಅಳುತ್ತ ಓಡಿಬಂದು ತಬ್ಬಿಕೊಳ್ಳುತ್ತಾಳೆ. ಅಥೀನಾ ದೇವಿ ಅವರಿಗಾಗಿ ಉಷೆಯನ್ನು ಸಾಗರದಂಚಿನಲ್ಲೇ ತಡೆದು ರಾತ್ರಿಯನ್ನು ಉದ್ದ ಮಾಡುತ್ತಾಳೆ.

ನಮ್ಮಲ್ಲಿ ಹೆಂಡತಿಯ ಪರವಾಗಿ ಅಗ್ನಿದೇವನೇ ಎದ್ದುಬಂದು ಸಾಕ್ಷಿ ಹೇಳಬೇಕಾಯಿತು. ಅದೂ ಸಾಲದೇ ಹೋಯಿತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಸುರಿ ಸೀತೆಯನ್ನು ಲಕ್ಷ್ಮಣ ಕಾಡಿನಲ್ಲಿ ಬಿಟ್ಟು ಬರುವ ಭಾಗವನ್ನು ಗಮಕದಲ್ಲಿ ಕೇಳಿ ಕಣ್ಣೊರೆಸಿಕೊಂಡವರು ಎಷ್ಟು ಮಂದಿ! ಅತ್ತವರಲ್ಲಿ ಈ ಹುಡುಗಿಯ ಪ್ರಶ್ನೆ ಕೇಳಿದವರು ಕಡಿಮೆ.

ಹಾಗೆಂದು ಹೋಮರನ ಮನೆ ಹೆಂಗಸರಿಗೆ ಸುಖದ್ದೇನಲ್ಲ. ಮೊದಲ ಸರ್ಗದಲ್ಲೇ ಮಗ ಟೆಲಿಮಾಕಸ್, ಮಾತು ಗಂಡಸರದ್ದು, ನೀನು ಮಹಡಿಗೆ ಹೋಗಿ ಮಗ್ಗ ನೋಡಿಕೋ ಎಂದು ತಾಯಿಯನ್ನು ಕಳಿಸುತ್ತಾನೆ. ಅವಳು ಹೋಗುತ್ತಾಳೆ.

ಮೊನ್ನೆ ಹುಡುಗಿ 22ನೆಯ ಸರ್ಗಕ್ಕೆ ಬಂದಿದ್ದಳು. ‘ಆ ಹನ್ನೆರಡು ಜನಕ್ಕೆ ಯಾರು ಪರೀಕ್ಷೆ ಮಾಡಿದರು?’ ಎಂದಳು.

ಯಾರೂ ಮಾಡಲಿಲ್ಲ. ಮನೆಯ 50 ದಾಸಿಯರಲ್ಲಿ 12 ಮಂದಿ ಅರಮನೆಯಲ್ಲಿ ಬಿದ್ದಿದ್ದ ಆ ಗಂಡಸರ ಜೊತೆ ಸೇರಿ ದಾರಿ ತಪ್ಪಿದವರು ಎಂದು ಯೂರಿಕ್ಲಿಯಾ ಹೇಳಿದ್ದಷ್ಟೇ. ಹೆಣಗಳನ್ನು ಅವರ ಕೈಯಲ್ಲೇ ಹೊರಿಸಿ, ಮೇಜು ಪೀಠಗಳ ರಕ್ತವನ್ನು ಸ್ಪಂಜಿನಿಂದ ತೊಳೆಸಿದರು. ಕತ್ತಿಯಿಂದ ಕೊಲ್ಲು ಎಂದಿದ್ದ ಅಪ್ಪ; ಅಂಥ ಮರ್ಯಾದೆಯ ಸಾವು ಇವರಿಗೆ ಬೇಡವೆಂದು ಮಗ ಹಡಗಿನ ಹಗ್ಗ ಬಿಗಿದ. ಬಲೆಗೆ ಬಿದ್ದ ಪಾರಿವಾಳಗಳ ಹಾಗೆ ಸಾಲಾಗಿ ತೂಗಿದರು ಎನ್ನುತ್ತಾನೆ ಹೋಮರ್. ಕಾಲುಗಳು ಸ್ವಲ್ಪ ಹೊತ್ತು ಅದುರಿದವು, ಹೆಚ್ಚು ಹೊತ್ತಲ್ಲ.